ಎಕ್ಸ್‌ರೇ ಓಲೆ

“ಬಿಸಾಡ್ಬೇಡಿ ಅಜ್ಜಿ, ಕೊಡಿ ಇಲ್ಲಿ. ಬಾಟ್ಲಿ ಮುಚ್ಚಳ ಪದಕ ಆಗುತ್ತೆ, ಕೆಟ್ಟ ವೈರು ಬಳೆ ಆಗುತ್ತೆ. ಹಳೇ ಎಕ್ಸ್‌ರೇ ಇದ್ರಂತೂ ಚಿನ್ನ ಕೊಟ್ಟಂಗೆ. ನಿಮ್ಮ ಮಂಡಿಚಿಪ್ಪು ಯಾರದೋ ಕಿವೀಲಿ ಕುಣಿಯುತ್ತೆ, ನೋಡ್ತಿರಿ!” ಎನ್ನುತ್ತಲೇ ಎದುರುಮನೆಯ ಕಸದಕ್ಕಸಾಲಿ ನನ್ನ ಬುಟ್ಟಿಗೆ ಕೈ ಹಾಕುತ್ತಾನೆ. ಬೀದಿಯವರು ಇಟ್ಟ ಆ ಹೆಸರು ಅವನಿಗೆ ಬಿರುದಿದ್ದಂತೆ. ನೆಂಟರ ಮನೆಗೆ ಹೋದರೂ ಮೊದಲು ತಿಪ್ಪೆ ನೋಡಿ, ಆಮೇಲೆ ಕ್ಷೇಮ ವಿಚಾರಿಸುವ ಗಿರಾಕಿ. ಕತ್ತರಿ ಕೈಗೆ ಬಂತೆಂದರೆ ಯಾವುದು ಬೇಕಾದ್ದು, ಯಾವುದು ಬೇಡದ್ದು ಎಂಬ ಪರಿವೆಯೇ ಇರುವುದಿಲ್ಲ. ಹಾಗೆಯೇ ಹೆಂಡತಿಯ ಎದೆಯ ಎಕ್ಸ್‌ರೇಯನ್ನೂ ಓಲೆ ಮಾಡಿ ಮಾರಿಬಿಟ್ಟಿದ್ದ. ಈಗ ಅವಳು ಕೆಮ್ಮಿದರೆ ರಕ್ತ ಬರುತ್ತಿದೆ. ಆ ಎಕ್ಸ್‌ರೇಯಲ್ಲಿ ಕಂಡಿದ್ದ ಶ್ವಾಸಕೋಶದ ಬಿಳಿ ಮಚ್ಚೆ ಬೆಳೆದಿದೆಯೋ ಇಲ್ಲವೋ ನೋಡಲು ಡಾಕ್ಟರು ಆ ಹಳೆಯದನ್ನು ತರಲು ಹೇಳಿದ್ದಾರೆ. ಅಂದಿನಿಂದ ದಾರಿಯಲ್ಲಿ ಹೋಗುವ ಹುಡುಗಿಯರನ್ನೆಲ್ಲ ನಿಲ್ಲಿಸಿ, “ಒಂಚೂರು ಓಲೆ ಬಿಚ್ಚಿ ಕೊಡಮ್ಮ, ನೋಡಿ ವಾಪಸ್ ಕೊಡ್ತೀನಿ” ಎಂದು ಬೇಡಿ, ಬಿಸಿಲಿಗೆ ಹಿಡಿದು ಆ ಮಚ್ಚೆ ಹುಡುಕುತ್ತಾನೆ. ಹುಚ್ಚ ಎಂದು ಬೈಸಿಕೊಳ್ಳುತ್ತಾನೆ. ಇವತ್ತೂ ಬರಿಗೈಯಲ್ಲಿ ಬಂದ. “ಸಿಕ್ತಾ?” ಎಂದು ಹೆಂಡತಿ ಒಳಗಿನಿಂದ ಕೇಳಿದಳು. “ಎರಡು ಪಕ್ಕೆಲುಬು ಸಿಕ್ತು ಕಣೇ, ನಿಂದಲ್ಲ” ಎಂದವನು ಅಂಗಿಯ ತೋಳು ಮಡಿಸಿ, ಅವಳ ಸೀರೆ ಒಗೆಯಲು ಕೂತ.