ದಾರದ ತುದಿಯ ಗುರುತುಗಳು

ಕಳೆದ ವಾರ ನೆಗಡಿಯಾಗಿತ್ತೆಂದು ಕಾಫಿಗೆ ಒಣಶುಂಠಿಯನ್ನು ಕುಟ್ಟಿ ಹಾಕಿದೆ. ದೋಹಾದ ಪಕ್ಕದ ಅಲ್ ವಕ್ರಾದ ಈ ಮನೆಯ ಅಡುಗೆಕೋಣೆಯ ಕಿಟಕಿ ಚಿಕ್ಕದು; ಘಾಟು ಹೊರಗೆ ಹೋಗದೆ ಅಲ್ಲೇ ನಿಂತಿತು. ಲೋಟವನ್ನು ಹಿಡಿದವಳು ಕುಡಿಯುವುದನ್ನು ಮರೆತೆ. ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ, ದೋಹಾದೊಳಗಿನ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ, ಎದುರು ಮನೆಯಿಂದ ದಿನವೂ ಸಂಜೆ ಬರುತ್ತಿದ್ದ ವಾಸನೆ ಇದೇ…

ಆ ಮನೆಯಲ್ಲಿ ಸುಡಾನಿನ ದಂಪತಿಗಳಿದ್ದರು. ಗಂಡ ಗೋದಾಮೊಂದರಲ್ಲಿ ಗುಮಾಸ್ತ. ಹೆಂಡತಿ ನನಗಿಂತ ಹತ್ತು ವರ್ಷ ಹಿರಿಯರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಅರ್ಥವನ್ನು ವಿವರಿಸಿದ ಮೇಲೆ ಅವರು ಅದನ್ನು ಒಪ್ಪಿಕೊಂಡರು. ನನ್ನನ್ನು ಅವರು 'ಉಸ್ತಾಜಾ' ಎನ್ನುತ್ತಿದ್ದರು. ಅರಬ್ಬಿಯಲ್ಲಿ ಶಿಕ್ಷಕಿ ಎಂದರ್ಥ. ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಏಳು ವರ್ಷ ಕನ್ನಡವನ್ನೂ ಹೊಲಿಗೆಯನ್ನೂ ಕಲಿಸಿದ್ದ ನಾನು, ಗಂಡನ ಕೆಲಸದ ನಿಮಿತ್ತ ಇಲ್ಲಿಗೆ ಬಂದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಎ.ಸಿ.ಯ ಸದ್ದನ್ನು ಕೇಳುತ್ತ ಒಬ್ಬಳೇ ಕುಳಿತಿರುತ್ತಿದ್ದೆ. ಆ ಒಂದು ಸಂಬೋಧನೆಯನ್ನು ಕೇಳಲೆಂದೇ ಎದುರು ಮನೆಗೆ ಹೋಗುತ್ತಿದ್ದೆನೇನೋ. ನಮ್ಮಿಬ್ಬರ ಮಾತು ಹರಕು ಹಿಂದಿ, ಹರಕು ಇಂಗ್ಲಿಷ್ ಮತ್ತು ಅಷ್ಟಿಷ್ಟು ಅರಬ್ಬಿಯಲ್ಲಿ ನಡೆಯುತ್ತಿತ್ತು.

ಅಕ್ಕನ ಊರು ನೈಲ್ ನದಿಯ ದಡದ ಒಂದು ಹಳ್ಳಿ. ಅಲ್ಲಿಯ ಹೆಂಗಸರು ಪಾಳುಬಿದ್ದ ಜೋಳದ ಉಗ್ರಾಣವೊಂದನ್ನು ಸಾರಿಸಿ, ಕೈಯಿಂದ ತಿರುಗಿಸುವ ಎರಡು ಹೊಲಿಗೆ ಯಂತ್ರಗಳನ್ನಿಟ್ಟು, ತಮ್ಮದೇ ಒಂದು ಕೋಣೆ ಮಾಡಿಕೊಂಡಿದ್ದರು. ಹಿರಿಯರು ಪ್ರಾಯದ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಕಲಿತವರು ಚಿಕ್ಕವರಿಗೆ ಶಾಲೆಯ ಉಡುಪು ಹೊಲಿಯುತ್ತಿದ್ದರು. ನೀಲಿ ಉಡುಪಿಲ್ಲದವಳನ್ನು ಪಕ್ಕದೂರಿನ ಶಾಲೆ ಒಳಗೆ ಬಿಡುತ್ತಿರಲಿಲ್ಲ. ಉಡುಪು ಕೊಡಿಸುವುದಕ್ಕಿಂತ ಮಗಳು ಮನೆಯಲ್ಲಿರುವುದೇ ಲೇಸೆಂದು ಹಲವು ತಂದೆಯರಿಗೆ ತೋರುತ್ತಿತ್ತು. ಆದುದರಿಂದ ಬಟ್ಟೆಯನ್ನು ಅಕ್ಕ ದೋಹಾದಿಂದ ಕತ್ತರಿಸಿಯೇ ಕಳಿಸುತ್ತಿದ್ದರು. ಕತ್ತರಿಯ ಕೆಲಸ ಬಲ್ಲವರು ಆ ಹಳ್ಳಿಯಲ್ಲಿ ಅವರೊಬ್ಬರೇ ಇದ್ದರು. ಅವರೂ ಊರು ಬಿಟ್ಟು ಹನ್ನೆರಡು ವರ್ಷಗಳಾಗಿದ್ದವು, ನಡುವೆ ಒಮ್ಮೆಯೂ ರಜೆಗೆ ಹೋಗಲಾಗಿರಲಿಲ್ಲ.

ಅಳತೆಗಳು ದಾರದಲ್ಲಿ ಬರುತ್ತಿದ್ದವು. ಒಬ್ಬ ಹುಡುಗಿಗೆ ಒಂದು ದಾರ: ಮೊದಲ ಗಂಟಿನವರೆಗೆ ಭುಜ, ಅಲ್ಲಿಂದ ಎರಡನೆಯದರವರೆಗೆ ತೋಳು, ಆಮೇಲೆ ಎದೆ, ಕೊನೆಗೆ ಉದ್ದ. ರಜೆ ಮುಗಿಸಿ ಬರುವ ಊರಿನವರು ಯಾರಾದರೂ ದಾರದ ಕಂತೆಯನ್ನು ತಂದುಕೊಡುತ್ತಿದ್ದರು. ರಜೆಗೆ ಹೊರಟವರು, ಆಯಾ ದಾರದಿಂದಲೇ ಕಟ್ಟಿದ ಬಟ್ಟೆಗಳನ್ನು ಒಯ್ಯುತ್ತಿದ್ದರು.

ನಾನು ಸಹಾಯಕ್ಕೆ ಸೇರಿದ ವರ್ಷ, ಒಂದು ಬೆಳಗ್ಗೆ, ಅಕ್ಕ ಇಪ್ಪತ್ತಮೂರು ದಾರಗಳನ್ನು ನನ್ನ ಮೇಜಿನ ಮೇಲಿಟ್ಟು ಕ್ಲಿನಿಕ್ಕಿಗೆ ಹೋದರು. ನಾನು ಟೇಪು ಹಿಡಿದು ಒಂದೊಂದನ್ನೂ ಅಳೆದೆ. ಗೆರೆ ಎಳೆದ ಹಾಳೆಯಲ್ಲಿ ಕ್ರಮಸಂಖ್ಯೆ, ಭುಜ, ತೋಳು, ಎದೆ, ಉದ್ದ ಎಂದು ಇಂಗ್ಲಿಷಿನಲ್ಲಿ ಪಟ್ಟಿ ಮಾಡಿದೆ. ದಾರಗಳ ತುದಿಯಲ್ಲಿ ಏನೇನೋ ಸಿಕ್ಕಿಕೊಂಡಿತ್ತು: ಕೋಳಿಯ ಗರಿ, ಒಡೆದ ಮಣಿ, ಖರ್ಜೂರದ ಬೀಜ, ಮಿಠಾಯಿಯ ಕಾಗದ. ಅವನ್ನೆಲ್ಲ ಬಿಡಿಸಿ ಕಸಕ್ಕೆ ಹಾಕಿದೆ. ಗಂಟುಗಳನ್ನು ಬಿಚ್ಚಿ, ದಾರವನ್ನೆಲ್ಲ ಒಂದೇ ಉಂಡೆಯಾಗಿ ಸುತ್ತಿಟ್ಟೆ. ದೋಹಾಕ್ಕೆ ಬಂದಂದಿನಿಂದ ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಮಾಡಿರಲಿಲ್ಲ.

ಸಂಜೆ ಅಕ್ಕ ಬಂದು ಪಟ್ಟಿಯನ್ನು ನೋಡಿದರು. ಉಂಡೆಯನ್ನು ನೋಡಿದರು.

"ದಾರಗಳೆಲ್ಲಿ, ಉಸ್ತಾಜಾ?"

"ಇನ್ನು ಅವು ಬೇಡ ಅಕ್ಕಾ. ಎಲ್ಲ ಇದರಲ್ಲಿದೆ. ಅರ್ಧ ಇಂಚೂ ತಪ್ಪಿಲ್ಲ."

"ಇದನ್ನ ಅಲ್ಲಿ ಯಾರು ಓದ್ತಾರೆ?"

"ಊರಲ್ಲಿ ಓದು ಬಲ್ಲವರೇ ಇಲ್ಲವೇ?"

"ಇದ್ದಾರೆ. ಗಂಡಸರು." ಅಕ್ಕ ಉಂಡೆಯನ್ನು ಕೈಗೆತ್ತಿಕೊಂಡರು. "ಪಟ್ಟಿ ಅವರ ಕೈಗೆ ಹೋದ್ರೆ ನಾಳೆ ಬಟ್ಟೆ ಹಂಚೋರು ಅವರೇ. ನಾಡಿದ್ದು ಕೋಣೆಯ ಬೀಗದ ಕೈ ಅವರ ಜೇಬಲ್ಲಿ. ಖಲಾಸ್."

ಆಮೇಲೆ ಮೆಲ್ಲಗೆ, "ತುದೀಲಿ ಕಟ್ಟಿದ್ದು?" ಎಂದರು.

ನಾವಿಬ್ಬರೂ ಕೆಳಗೋಡಿ ಕಸದ ಡಬ್ಬಿಯನ್ನು ಕೆದಕಿದೆವು. ಕಟ್ಟಡದ ಕಾವಲುಗಾರ ಬಂಟ್ವಾಳದ ಕಡೆಯವನು, ನಗುತ್ತ ಬಂದ. "ಎಂತ ಟೀಚರೇ, ಕೋಳಿ ಪುಕ್ಕ ಹುಡುಕುವುದಾ? ಕೋಳಿಯೇ ಬೇಕಾದ್ರೆ ಮೂಲೆಯ ಅಂಗಡಿಯಲ್ಲಿ ಉಂಟಲ್ಲ ಮಾರಾಯ್ರೆ! ಕಸದ ಗಾಡಿ ಮಧ್ಯಾಹ್ನವೇ ಬಂದು ಹೋಯ್ತು."

ಮೆಟ್ಟಿಲು ಹತ್ತುವಾಗ ಅಕ್ಕ ಹೇಳಿದರು. ಆ ಹುಡುಗಿಯರಲ್ಲಿ ಒಬ್ಬಳನ್ನೂ ಅವರು ಕಂಡಿರಲಿಲ್ಲ. ತುದಿಯ ಗುರುತನ್ನು ಪ್ರತಿಯೊಬ್ಬಳೂ ತಾನೇ ಆರಿಸಿ ಕಟ್ಟುತ್ತಿದ್ದಳು. ಬಟ್ಟೆಯ ಗಂಟು ಊರಿಗೆ ಬಂದಾಗ ಗುರುತು ನೋಡಿ ತನ್ನದನ್ನು ತಾನೇ ಎತ್ತಿಕೊಳ್ಳುತ್ತಿದ್ದಳು. "ಗರಿಯವಳು ಪ್ರತಿ ವರ್ಷ ಗರಿಯನ್ನೇ ಕಟ್ತಾಳೆ. ಈ ಸಲ ಮೂರು ಬೆರಳು ಬೆಳೆದಿದ್ದಳು, ಬೆಳಗ್ಗೆ ನೋಡಿದೆ. ನನಗೆ ಅವಳು ಅಷ್ಟೇ ಗೊತ್ತು, ಉಸ್ತಾಜಾ."

ಎರಡು ದಿನ ಕುಳಿತು, ಪಟ್ಟಿಯನ್ನು ನೋಡಿ, ದಾರಗಳಿಗೆ ಮತ್ತೆ ಗಂಟು ಹಾಕಿದೆವು. ಗಂಟುಗಳೆಲ್ಲ ಮರಳಿ ಬಂದವು, ಯಾವ ದಾರ ಯಾವ ಹುಡುಗಿಯದೆಂಬುದು ಬರಲಿಲ್ಲ. ಬಟ್ಟೆ ಊರು ತಲುಪಿದಾಗ ಯಾವುದು ಯಾರದೆಂದು ಜಗಳವಾಯಿತಂತೆ. ನಾವು ಹಂಚುತ್ತೇವೆ ಎಂದು ಗಂಡಸರು ಬಾಗಿಲಿಗೆ ಬಂದರಂತೆ. ಹೆಂಗಸರು ಒಳಗಿನಿಂದ ಅಗುಳಿ ಹಾಕಿಕೊಂಡು, ಒಬ್ಬೊಬ್ಬಳ ಮೈಗೂ ಹಿಡಿದು ನೋಡಿ, ಕೊನೆಗೂ ತಾವೇ ಹಂಚಿದರಂತೆ. ಇದನ್ನು ಹೇಳುವಾಗಲೂ ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು…

ಕೆಲವೇ ತಿಂಗಳಲ್ಲಿ ಅವರ ಗಂಡನಿಗೆ ಬೇರೊಂದು ದೇಶದಲ್ಲಿ ಕೆಲಸವಾಗಿ, ಹದಿನೈದು ದಿನಗಳೊಳಗೆ ಎದುರು ಮನೆ ಖಾಲಿಯಾಯಿತು. "ಕಾಗದ ಬರಿ ಅಕ್ಕಾ" ಎಂದೆ. ಅವರು ತಲೆಯಾಡಿಸಿದರು. ಅವರಿಗೂ ಬರೆಯಲು ಬರುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಟ್ಯಾಕ್ಸಿ ತಿರುವು ದಾಟಿದ ಮೇಲೆ.

ಮರುವರ್ಷ, ಒಂದು ಮಧ್ಯಾಹ್ನ ನಾನು ಹೊರಗಿನಿಂದ ಬಂದಾಗ, ಕಾವಲುಗಾರ ಒಂದು ಪೊಟ್ಟಣ ಕೊಟ್ಟ. "ಟೀಚರೇ, ಒಬ್ಬ ಸುಡಾನಿ ಬಂದಿದ್ದ. ಎದುರಿನವರು ಮಾಫಿ, ಈಗ ಇಲ್ಲ, ಹೋಗಿ ಆಯ್ತು ಅಂದೆ. ಹಾಗಾದ್ರೆ ಉಸ್ತಾಜಾಗೆ ಕೊಡು, ಅವರ ಸುದ್ದಿ ಊರಿಗೆಲ್ಲ ಗೊತ್ತುಂಟು ಅಂದ. ಹೆಸರಾ? ಕೇಳ್ಲಿಲ್ಲ ಮಾರಾಯ್ರೆ. ಅವನಿಗೆ ಅವಸರ, ನನಗೆ ನಮಾಜಿನ ಹೊತ್ತು."

ಇಪ್ಪತ್ತಾರು ದಾರಗಳು. ತುದಿಯ ಗುರುತು ಬಿಚ್ಚಿಹೋಗದಂತೆ ಪ್ರತಿಯೊಂದನ್ನೂ ಎರಡೆರಡು ಬಾರಿ ಬಿಗಿದು ಕಟ್ಟಿದ್ದರು. ಗರಿಯವಳೂ ಇದ್ದಳು.

ನಾನು ನೀಲಿ ಬಟ್ಟೆ ತಂದೆ. ಪಟ್ಟಿ ಮಾಡಲಿಲ್ಲ. ದಾರವನ್ನೇ ಬಟ್ಟೆಯ ಮೇಲಿಟ್ಟು ಅಳೆದು, ಬಟ್ಟೆ ಕತ್ತರಿಸಿ, ಅದರಿಂದಲೇ ಕಟ್ಟಿದೆ. ಆಮೇಲೆ ಗಂಡನೊಂದಿಗೆ, ಸುಡಾನಿನವರು ಸೇರುವ ಕಾಫಿ ಅಂಗಡಿಗೆ ಗಂಟನ್ನು ಒಯ್ದೆ. ಅಕ್ಕನ ಗಂಡನ ಹೆಸರು ಹೇಳಿದೆ. ಆ ಹೆಸರಿನವರು ಆ ಅಂಗಡಿಯಲ್ಲೇ ಮೂವರಿದ್ದರು.

"ಯಾವ ಊರಮ್ಮ?" ಎಂದು ಹಿರಿಯರೊಬ್ಬರು ಕೇಳಿದರು.

"ನೈಲ್ ದಡದ ಒಂದು ಹಳ್ಳಿ."

ಯಾರೂ ನಗಲಿಲ್ಲ. "ನಮ್ಮೆಲ್ಲರದೂ ನೈಲ್ ದಡವೇ, ತಾಯಿ" ಎಂದರು ಅವರು.

ಭುಜ ಎಷ್ಟು, ತೋಳು ಎಷ್ಟು ಎಂದು ಅರ್ಧ ಇಂಚಿನವರೆಗೆ ಅಳೆದಿದ್ದ ನಾನು, ಅಷ್ಟು ಸಂಜೆಗಳಲ್ಲಿ ಒಮ್ಮೆಯೂ ಊರಿನ ಹೆಸರನ್ನು ಕೇಳಿರಲಿಲ್ಲ. ಮತ್ತೆ ಐದು ಶುಕ್ರವಾರ ಆ ಅಂಗಡಿಗೆ ಹೋಗಿ ಬಂದೆ. ಪೊಟ್ಟಣ ತಂದವನು ಸಿಗಲಿಲ್ಲ. ದಾರಗಳು ಮತ್ತೆ ಬರಲಿಲ್ಲ.

ಬಿನ್ ಮಹಮೂದಿನಿಂದ ಮುಐದರ್‌ಗೆ, ಅಲ್ಲಿಂದ ಈ ಮನೆಗೆ, ಆ ಇಪ್ಪತ್ತಾರು ಕಟ್ಟುಗಳೂ ನನ್ನೊಡನೆ ಬಂದಿವೆ. ನೀಲಿ ಬಣ್ಣ ಮಡಿಕೆಗಳಲ್ಲಿ ಬಿಳಿಚಿದೆ. ಆ ಹುಡುಗಿಯರಿಗೆ ಈಗ ನಲವತ್ತರ ಆಸುಪಾಸು. ಆ ವರ್ಷ ಶಾಲೆಯ ಬಾಗಿಲು ತೆರೆದಾಗ ಅವರಲ್ಲಿ ಎಷ್ಟು ಮಂದಿ ಒಳಗೆ ಹೋದರು, ಎಷ್ಟು ಮಂದಿ ಹಿಂದಿರುಗಿದರು… ತಿಳಿಯುವ ದಾರಿಯಿಲ್ಲ. ದೋಹಾದಲ್ಲಿ ಒಬ್ಬಳು ಉಸ್ತಾಜಾ ಇದ್ದಾಳೆ, ಬಟ್ಟೆ ಕಳಿಸುತ್ತಾಳೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು.