ಐದು ಚದರ ಮೈಲಿಯಲ್ಲಿ ಅಕ್ಕನ ಗುಟ್ಟು

ಬುಧವಾರ ಬೆಳಿಗ್ಗೆ ಅಟ್ಲಾಂಟಾ ಬಳಿಯ ಅಲ್ಫರೆಟಾದಿಂದ ಹೊರಟಾಗ ಜಿಎ-400 ಹೆದ್ದಾರಿ ಎಂದಿನಂತೆ ಕಾರುಗಳಿಂದ ಕಟ್ಟಿಕೊಂಡಿತ್ತು. ಸ್ಟಿಯರಿಂಗ್ ಹಿಡಿದ ಅಕ್ಕ ಮುಂದಿನ ಕಾರಿನವನಿಗೆ ಮೈಸೂರಿನ ಭಾಷೆಯಲ್ಲಿ ಸಹಸ್ರನಾಮಾರ್ಚನೆ ಮಾಡುತ್ತಿದ್ದಳು. ನನಗೆ ಮಾತ್ರ ಹಬ್ಬ. ಹಿಂದಿನ ದಿನವೇ ಮೇರಿಲ್ಯಾಂಡಿನ ಜರ್ಮನ್‌ಟೌನಿನಿಂದ ಬಂದು ಅವಳ ಮನೆ ಸೇರಿದ್ದೆ. ಚಿಕ್ಕಂದಿನಲ್ಲಿ ಅಟ್ಲಾಸ್ ಮುಂದಿಟ್ಟುಕೊಂಡು ಸಮುದ್ರದ ನೀಲಿಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆಗಳನ್ನು ಹುಡುಕುತ್ತ ಊಟ ಮರೆಯುತ್ತಿದ್ದವನು ನಾನು. ಕೊನೆಗೂ ಅಂಥದೊಂದು ಚುಕ್ಕೆಯ ಮೇಲೆ ಕಾಲಿಡಲು ಹೊರಟಿದ್ದೆ.

ಆ ಚುಕ್ಕೆಯ ಹೆಸರು ಸಾಬಾ. ಕೆರಿಬಿಯನ್ ಸಮುದ್ರದ ಈಶಾನ್ಯದಲ್ಲಿ ನೀರಿನಿಂದ ನೆಟ್ಟಗೆ ಮೇಲೆದ್ದ ಒಂದು ಜ್ವಾಲಾಮುಖಿ ಬೆಟ್ಟ. ಐದು ಚದರ ಮೈಲಿ ನೆಲ, ಹೆಚ್ಚುಕಮ್ಮಿ ಎರಡು ಸಾವಿರ ಜನ. 2010ರಿಂದ ಅದು ನೆದರ್‌ಲ್ಯಾಂಡ್ಸ್ ದೇಶದ ಒಂದು ವಿಶೇಷ ಪುರಸಭೆ. ರಾಜ ಡಚ್ಚರವನು, ಚಲಾವಣೆ ಅಮೆರಿಕದ ಡಾಲರು, ಮನೆಮಾತು ಇಂಗ್ಲಿಷು. ಇಂಥ ಕಲಸುಮೇಲೋಗರವೆಂದರೆ ನನಗೆ ಪಂಚಪ್ರಾಣ.

ಅಕ್ಕ ಹೊರಟಿದ್ದು ಬೇರೆಯದೇ ಕೆಲಸಕ್ಕೆ. ಅವಳ ಮಗಳು ಅನು ಆ ದ್ವೀಪದ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದಳು. ಅಮೆರಿಕದಲ್ಲಿ ಸೀಟು ಸಿಗದ ನಮ್ಮ ಮಕ್ಕಳು ಕೆರಿಬಿಯನ್ ದ್ವೀಪಗಳಿಗೆ ಹೋಗಿ ಡಾಕ್ಟರಾಗುವುದು ಹೊಸದಲ್ಲ; ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಭಾವ ಅಂತೂ ಅಲ್ಫರೆಟಾದ ಪಾಟ್‌ಲಕ್ ಊಟಗಳಲ್ಲೆಲ್ಲ “ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿ ಮೆಡಿಸಿನ್ ಮಾಡ್ತಿದಾಳೆ” ಎಂದು ಹೇಳಿಕೊಂಡು ತಿರುಗಿದ್ದರು. ಕಾನೂನಿನ ಪ್ರಕಾರ ಅದು ಸುಳ್ಳೂ ಅಲ್ಲ. ಯಾರೋ ಆಂಟಿ “ಅನು ಬರುವಾಗ ಟುಲಿಪ್ ಗೆಡ್ಡೆ ತರೋಕೆ ಹೇಳ್ರೀ” ಎಂದಾಗ ಅಕ್ಕ ಬೆವೆತುಹೋಗಿದ್ದಳಂತೆ.

ಈಗ ಅದೇ ಅನು ಒಂದು ದೊಡ್ಡ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಅದನ್ನು ದಾಟದೆ ಅಮೆರಿಕದ ಆಸ್ಪತ್ರೆಗಳಿಗೆ ತರಬೇತಿಗೆ ಬರುವಂತಿಲ್ಲ. ಇನ್ನೊಂದೇ ಒಂದು ಅವಕಾಶ ಉಳಿದಿತ್ತು. ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಕಾಫಿ ಹಿಡಿದು ಕೂತಾಗ ಅಕ್ಕ ತನ್ನ ಯೋಜನೆ ಬಿಚ್ಚಿದಳು.

“ನೋಡು ರಾಘು, ಹೋಗೋವಾಗ ಇಬ್ಬರು, ಬರೋವಾಗ ಮೂವರು. ಶನಿವಾರಕ್ಕೆ ಅವಳಿಗೂ ಟಿಕೆಟ್ ಬುಕ್ ಮಾಡಿದೀನಿ. ಅವಳಿಗೆ ಬಾಯಿ ಬಿಡ್ಬೇಡ, ಶುಕ್ರವಾರ ನಾನೇ ನಿಧಾನಕ್ಕೆ ಹೇಳ್ತೀನಿ. ಇಲ್ಲಿಗೆ ಬಂದು ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಏನಾದ್ರೂ ಓದ್ಲಿ. ಇನ್ನೊಂದ್ಸಲ ಫೇಲಾದ್ರೆ ತಡ್ಕೊಳೋಕಾಗಲ್ಲ.”

“ಯಾರಿಗೆ, ಅವಳಿಗಾ ನಿನಗಾ?”

“ನೀನು ಸುಮ್ನೆ ನಿನ್ನ ಮ್ಯಾಪ್ ನೋಡು.”

ಅಟ್ಲಾಂಟಾದಿಂದ ಸೇಂಟ್ ಮಾರ್ಟನ್ ದ್ವೀಪಕ್ಕೆ ನಾಲ್ಕು ಗಂಟೆಯ ಹಾರಾಟ. ನನ್ನ ಬಳಿ ಗ್ರೀನ್ ಕಾರ್ಡ್ ಇದ್ದುದರಿಂದ ವೀಸಾದ ತಾಪತ್ರಯವಿರಲಿಲ್ಲ. ಅಕ್ಕ ಅಮೆರಿಕದ ಪ್ರಜೆ. ಸೇಂಟ್ ಮಾರ್ಟನ್‌ನಿಂದ ಸಾಬಾಕ್ಕೆ ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನ. ಕಾಲು ಗಂಟೆಯ ಆ ಹಾರಾಟಕ್ಕೆ ತೆತ್ತ ದರ ಕೇಳಿದರೆ ಊರಿನವರು ನಗುತ್ತಾರೆ, ಅದಕ್ಕೇ ಬರೆಯುವುದಿಲ್ಲ. ಪೈಲಟ್ಟನ ಕೋಣೆಗೆ ಬಾಗಿಲೇ ಇರಲಿಲ್ಲ. ಅವನ ಭುಜದ ಮೇಲಿನಿಂದ ಎದುರಿನ ಬೆಟ್ಟ ದೊಡ್ಡದಾಗುತ್ತ ದೊಡ್ಡದಾಗುತ್ತ ಗಾಜನ್ನೆಲ್ಲ ತುಂಬಿತು. ಅಕ್ಕ ನನ್ನ ತೋಳು ಹಿಡಿದು ವೆಂಕಟೇಶನನ್ನು ಕರೆಯತೊಡಗಿದಳು. ವಿಮಾನ ಪಕ್ಕಕ್ಕೆ ವಾಲಿ ತಿರುಗಿತು, ಬಂಡೆಯ ಅಂಚಿನಲ್ಲಿ ಒಂದು ತುಂಡು ಡಾಂಬರು ಕಾಣಿಸಿತು, ಧಡಕ್ಕೆಂದು ಇಳಿದು ನಿಂತೇಬಿಟ್ಟಿತು. ರನ್‌ವೇ ಇರುವುದೇ ನಾಲ್ಕು ನೂರು ಮೀಟರು. ಎರಡು ತುದಿಯಲ್ಲೂ ಸಮುದ್ರ. ನಾನು ಚಪ್ಪಾಳೆ ತಟ್ಟಿದೆ. ಅಕ್ಕ ನನ್ನ ಕೈಗೆ ಫಟ್ಟನೆ ಹೊಡೆದಳು.

ನಿಲ್ದಾಣವೆಂದರೆ ಒಂದು ಕೌಂಟರು, ನಾಲ್ಕು ಬೆಂಚು. ಕೌಂಟರಿನಲ್ಲಿದ್ದ ಹೆಂಗಸಿನ ಹತ್ತಿರ ಹೋಗಿ ಅಕ್ಕ ದನಿ ತಗ್ಗಿಸಿ ಶನಿವಾರದ ಮೂರು ಸೀಟು ಖಚಿತ ಮಾಡಿಕೊಂಡಳು. ಆಕೆ ಅಕ್ಕನ ಮುಖವನ್ನೇ ನೋಡಿ, “ಓ, ನೀವು ಅನುವಿನ ಅಮ್ಮ!” ಎಂದು ಅರಳಿದಳು. ಅಕ್ಕ ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದಳು. ಆಕೆಯೂ ಗಂಭೀರವಾಗಿ ತಲೆಯಾಡಿಸಿದಳು.

ಅಷ್ಟರಲ್ಲಿ ಅನು ಓಡಿಬಂದು ಅಮ್ಮನನ್ನು ಅಪ್ಪಿಕೊಂಡಳು. ಮೂರು ವರ್ಷದ ಹಿಂದೆ ನೋಡಿದ್ದ ಹುಡುಗಿಯಲ್ಲ. ಬಿಸಿಲಿಗೆ ಕಪ್ಪಾಗಿ, ಮೀನಖಂಡ ಗಟ್ಟಿಯಾಗಿ, ಬೆಟ್ಟದವಳೇ ಆಗಿದ್ದಳು.

“ನಿನ್ನ ಕಾರೆಲ್ಲಿ?” ಎಂದೆ.

“ಕಾರಾ? ಮಾಮ, ಇಲ್ಲಿ ಥಂಬ್ ಸಾಕು!” ಎಂದು ರಸ್ತೆ ಬದಿಯ ಗೋಡೆಗೆ ಒರಗಿ ಹೆಬ್ಬೆರಳು ಚಾಚಿದಳು. ಮೊದಲನೆಯ ಗಾಡಿಯೇ ನಿಂತಿತು.

ಸಾಬಾದಲ್ಲಿ ಬಸ್ಸಿಲ್ಲ. ಇರುವುದು ಒಂದೇ ಮುಖ್ಯರಸ್ತೆ, ಊರಿನವರೇ ಕೈಯಾರೆ ಬಂಡೆ ಒಡೆದು ಕಟ್ಟಿಕೊಂಡದ್ದು. ವಿಮಾನ ನಿಲ್ದಾಣದಿಂದ ಹಾವಿನಂತೆ ಸುತ್ತಿ ಬೆಟ್ಟ ಹತ್ತಿ, ವಿಂಡ್‌ವರ್ಡ್‌ಸೈಡ್ ಎಂಬ ಹಳ್ಳಿ ದಾಟಿ, ರಾಜಧಾನಿಗೆ ಇಳಿಯುತ್ತದೆ. ರಸ್ತೆ ಬದಿ ಯಾರು ನಿಂತರೂ ಹತ್ತಿಸಿಕೊಳ್ಳುವುದು ಇಲ್ಲಿನ ರೀತಿ. ಹತ್ತಿಸಿಕೊಂಡ ಮೇಲೆ ನೀವು ಯಾರು, ಏನು, ಏನು ತಿಂದಿರಿ ಎಂದು ಎಲ್ಲ ಕೇಳುವುದೂ ಇಲ್ಲಿನ ರೀತಿಯೇ. ಅಲ್ಫರೆಟಾದಲ್ಲಿ ಹಾಲಿಗೂ ತಾನೇ ಕಾರು ಓಡಿಸುವ ಅಕ್ಕನಿಗೆ ಇದು ಇರಿಸುಮುರಿಸು. ನನಗೋ, ಟ್ಯಾಕ್ಸಿ ದುಡ್ಡು ಉಳಿಯಿತು, ಗೈಡೂ ಸಿಕ್ಕಿದ!

ವಿಂಡ್‌ವರ್ಡ್‌ಸೈಡಿನಲ್ಲಿ ನಮಗೊಂದು ಪುಟ್ಟ ಬಾಡಿಗೆ ಮನೆ. ದ್ವೀಪದ ಮನೆಗಳೆಲ್ಲ ಬಿಳಿ ಗೋಡೆ, ಕೆಂಪು ಸೂರು. ನದಿಯಿಲ್ಲ, ಕೆರೆಯಿಲ್ಲ, ಸೂರಿನ ಮಳೆನೀರು ಮನೆಯಡಿಯ ತೊಟ್ಟಿಗೆ ಇಳಿಯುತ್ತದೆ. ಅಂಗಳದಲ್ಲೇ ಹಿರಿಯರ ಗೋರಿಗಳು. ತರಕಾರಿ ಬರುವುದು ಹಡಗಿನಲ್ಲಿ. ಹಡಗು ಬಂದ ದಿನ ಅಂಗಡಿಯಲ್ಲಿ ಟೊಮ್ಯಾಟೊ, ಬಾರದ ದಿನ ಈರುಳ್ಳಿಯೇ ಗತಿ. ಅಕ್ಕ ಸೂಟ್‌ಕೇಸ್ ತೆರೆದು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ ಹೊರತೆಗೆದಳು. ಅನು ಗೊಜ್ಜನ್ನು ಬೆರಳಲ್ಲೇ ನೆಕ್ಕಿ ಕಣ್ಣುಮುಚ್ಚಿಕೊಂಡಳು. ಆ ಸಂಜೆ ಮೂವರೂ ಹೊಟ್ಟೆ ಬಿರಿಯುವಷ್ಟು ತಿಂದೆವು.

ಗುರುವಾರ ರಾಜಧಾನಿಗೆ ಹೋದೆವು. ಅದರ ಹೆಸರು ‘ದ ಬಾಟಮ್’. ಹೆಸರು ತಳವಾದರೂ ಇರುವುದು ಸಮುದ್ರದಿಂದ ಎಂಟುನೂರು ಅಡಿ ಮೇಲೆ, ಗುಡ್ಡಗಳ ನಡುವಿನ ಬಟ್ಟಲಿನಲ್ಲಿ. ಕಾಲೇಜು, ಆಸ್ಪತ್ರೆ, ಸರ್ಕಾರ ಎಲ್ಲ ಅಲ್ಲೇ. ಸರ್ಕಾರದ ಕಟ್ಟಡ ನೋಡಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಜನ ಆರಿಸುವ ದ್ವೀಪ ಮಂಡಳಿಗೆ ಸದಸ್ಯರು ಐದೇ ಐದು! ರಾಜನ ಪರವಾಗಿ ಒಬ್ಬ ದ್ವೀಪಾಧಿಪತಿ. ವಾಷಿಂಗ್ಟನ್ನಿನ ಪಕ್ಕದ ಮೇರಿಲ್ಯಾಂಡಿನಲ್ಲಿ ವರ್ಷಗಟ್ಟಲೆ ಬದುಕಿಯೂ ನಾನು ಒಬ್ಬ ಸೆನೆಟರನ್ನು ಹತ್ತಿರದಿಂದ ಕಂಡವನಲ್ಲ. ಇಲ್ಲಿ ಮಧ್ಯಾಹ್ನ ವಾಪಸು ಬರಲು ಹೆಬ್ಬೆರಳು ಚಾಚಿದರೆ ಸರ್ಕಾರವೇ ಬಂದು ನಿಂತಿತು.

ಹಳೆಯ ಪಿಕಪ್ ಓಡಿಸುತ್ತಿದ್ದ ಆ ದಪ್ಪನೆಯ ಹೆಂಗಸನ್ನು ಅನು “ಮಿಸ್ ಲೊರೆಟ್ಟಾ, ಕೌನ್ಸಿಲ್ ಮೆಂಬರ್” ಎಂದು ಪರಿಚಯಿಸಿದಳು. ಐವರಲ್ಲಿ ಒಬ್ಬರು! ನಾನು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಪ್ರಶ್ನೆಗಳ ಮಳೆ ಸುರಿಸಿದೆ. ಆಕೆ ಒಂದು ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಎದುರಿಗೆ ಬಂದವರಿಗೆಲ್ಲ ಕೈಬೀಸುತ್ತ ಉತ್ತರಿಸಿದಳು. ಬಂದರು, ತ್ಯಾಜ್ಯ, ವಿಮಾನದ ದರ, ಮೇಕೆಗಳ ಕಾಟ, ಇವೇ ಮಂಡಳಿಯ ಚರ್ಚೆಗಳಂತೆ. ಮತ ಕೇಳಲು ಭಾಷಣ ಬೇಕಿಲ್ಲ, ನೆನಪಿನ ಶಕ್ತಿ ಬೇಕು, ಯಾರ ಮೊಣಕಾಲು ನೋವು ಎಂದು ಮರೆತರೆ ಸೋತಂತೆಯೇ ಎಂದು ಆಕೆ ನಕ್ಕಳು.

ಆಮೇಲೆ ಪಕ್ಕದಲ್ಲಿ ಕೂತಿದ್ದ ಅನುವಿನ ಕಡೆ ತಿರುಗಿ, “ಶನಿವಾರ ನೀನು ಹೊರಟೆ ಅಂತ ಕೇಳಿ ನನಗೆ ರಾತ್ರಿ ಊಟವೇ ಸೇರಲಿಲ್ಲ ಮಗೂ” ಎಂದಳು ಇಂಗ್ಲಿಷಿನಲ್ಲಿ. “ನಾವೆಲ್ಲ ನೀನು ಇನ್ನೊಂದು ಸಲ ಬರೆಯುತ್ತೀಯ ಅಂದುಕೊಂಡಿದ್ದೆವು.”

ನನ್ನ ಪಕ್ಕ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅನು ನಿಧಾನವಾಗಿ ಹಿಂದೆ ತಿರುಗಿದಳು.

“ಅಮ್ಮ? ನನ್ನ ಟಿಕೆಟ್ ಬುಕ್ ಮಾಡಿದೀಯಾ?”

ಲೊರೆಟ್ಟಾ ಕನ್ನಡಿಯಲ್ಲಿ ನಮ್ಮ ಮುಖ ನೋಡಿ ಸಂಗತಿ ಅರಿತುಕೊಂಡು, “ಅಯ್ಯೋ ದೇವರೇ” ಎಂದಳು. ಎರಡು ಸಾವಿರ ಜನರ ದ್ವೀಪದಲ್ಲಿ ಗುಟ್ಟನ್ನು ವಿಮಾನದ ಕೌಂಟರಿನಲ್ಲಿ ಹೇಳಿ, ತುಟಿಯ ಮೇಲೆ ಬೆರಳಿಟ್ಟು ಬಂದಿದ್ದಳು ನನ್ನ ಅಕ್ಕ. ಊರಿಗೆಲ್ಲ ಗೊತ್ತಾಗಿ, ಅನುವಿಗೆ ಕೊನೆಗೆ ಗೊತ್ತಾಗಿತ್ತು. ಬೇರೆ ಸಂದರ್ಭವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಮನೆ ಸೇರಿದೆವು. ಬಾಗಿಲು ಹಾಕಿದ್ದೇ ಅಕ್ಕನೇ ಶುರು ಮಾಡಿದಳು. ತಪ್ಪು ತನ್ನದಿದ್ದಾಗ ಮೊದಲು ಜೋರು ಮಾಡುವುದು ನಮ್ಮ ಮನೆತನದ ಗುಣ.

“ಫೇಲಾದೆ ಅಂತ ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದಿದೀಯಲ್ಲೇ! ಆ ಕೌನ್ಸಿಲ್ ಹೆಂಗಸಿಗೂ ಗೊತ್ತು. ನಾಚಿಕೆ ಆಗಲ್ವಾ?”

“ಆಯ್ತಮ್ಮ. ಫಸ್ಟ್ ಡೇ ತುಂಬಾ ಆಯ್ತು,” ಎಂದಳು ಅನು. “ಮಿಸ್ ಲೊರೆಟ್ಟಾ ಮನೇಲಿ ಕೂತು ಅತ್ತೆ. ನೆಕ್ಸ್ಟ್ ಡೇ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಇಟ್ ವಾಸ್ ಓವರ್. ಈಗ ಓದೋದು ಒಂದೇ ಕೆಲಸ. ಅಟ್ಲಾಂಟಾಗೆ ಬಂದ್ರೆ ಡೈಲಿ ಹೈಡ್ ಮಾಡ್ಬೇಕು. ಹೈಡ್ ಮಾಡ್ಕೊಂಡು ಓದೋಕೆ ನಂಗೆ ಬರಲ್ಲ.”

“ಮತ್ತೆ ಫೇಲಾದ್ರೆ?”

“ಆಗಬಹುದು. ನಂಗೂ ಭಯ ಇದೆ. ಬಟ್ ಫೀಸ್ ನೀವು ಕಟ್ತಿರೋದು. ನೀನು ಬಾ ಅಂದ್ರೆ ಬ್ಯಾಗ್ ಪ್ಯಾಕ್ ಮಾಡಿ ಬರ್ತೀನಿ, ಫೈಟ್ ಮಾಡಲ್ಲ. ನೀನೇ ಡಿಸೈಡ್ ಮಾಡು.”

ಇಪ್ಪತ್ತನಾಲ್ಕರ ಆ ಹುಡುಗಿ ಅಷ್ಟು ಹೇಳಿ ಕಾಲೇಜಿನ ಬಳಿಯ ತನ್ನ ರೂಮಿಗೆ ಓದಲು ಹೊರಟುಹೋದಳು. ನನಗೆ ಅಕ್ಕನ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

ಶುಕ್ರವಾರ ಅಕ್ಕನನ್ನು ಎಳೆದುಕೊಂಡು ಮೌಂಟ್ ಸೀನರಿ ಎಂಬ ಬೆಟ್ಟ ಹತ್ತಿದೆ. ಡಚ್ ರಾಜನಿಗೆ ಸೇರಿದ ನೆಲದಲ್ಲೆಲ್ಲ ಅತಿ ಎತ್ತರದ ಜಾಗ ಈ ಪುಟ್ಟ ದ್ವೀಪದಲ್ಲಿದೆ! ಸಾವಿರಕ್ಕೂ ಮಿಕ್ಕಿದ ಕಲ್ಲುಮೆಟ್ಟಿಲು, ಪಾಚಿ ಹಿಡಿದ ಮರಗಳು, ಛತ್ರಿಯಷ್ಟಗಲದ ಎಲೆಗಳು, ತುದಿಯಲ್ಲಿ ಸದಾ ಮೋಡ. ನಾನು ಹೆಜ್ಜೆಗೊಂದು ಫೋಟೋ ತೆಗೆಯುತ್ತ ಕೂಗಾಡುತ್ತಿದ್ದರೆ ಅಕ್ಕ ಏದುಸಿರು ಬಿಡುತ್ತ ಹಿಂದೆ ಹತ್ತಿದಳು. ಇಳಿದು ಬರುತ್ತಿದ್ದವರೊಬ್ಬರು ನಿಂತು, “ಅನುವಿನ ಅಮ್ಮನಲ್ಲವೇ? ಹುಷಾರು, ಮುಂದೆ ಜಾರುತ್ತದೆ” ಎಂದರು. ಅವರು ಯಾರೋ ನಮಗೆ ತಿಳಿಯದು.

ತುದಿಯಲ್ಲಿ ಮೋಡ ಸರಿದು ಒಂದು ಕ್ಷಣ ಸಮುದ್ರ ಪೂರ್ತಿ ಕಂಡಿತು, ಸುತ್ತಲೂ ನೀಲಿ. ನನಗೆ ಕಣ್ಣು ತುಂಬಿಬಂತು. ಬದುಕಿನಲ್ಲಿ ಅಷ್ಟು ಖುಷಿ ಪಟ್ಟ ಗಳಿಗೆಗಳು ಕಡಿಮೆ. ಅಕ್ಕ ಒಂದು ಕಲ್ಲಿನ ಮೇಲೆ ಕೂತು ಕೋಡುಬಳೆ ಮುರಿಯುತ್ತ ಕೇಳಿದಳು:

“ಇವರಿಗೆಲ್ಲ ಗೊತ್ತಿದ್ದೂ ಒಬ್ಬರೂ ಅವಳನ್ನ ಕೀಳಾಗಿ ನೋಡಲ್ವಲ್ಲೋ. ನಾವು ಅವಳಿಗೋಸ್ಕರ ಮುಚ್ಚಿಟ್ವಾ, ನಮಗೋಸ್ಕರಾನಾ?”

“ನಿನಗೇ ಗೊತ್ತಲ್ಲ ಅಕ್ಕ.”

“ಗೊತ್ತು. ಆದ್ರೂ ಭಯ ಕಣೋ. ಅವಳು ಮತ್ತೆ ಬಿದ್ರೆ ನಾನು ಇಲ್ಲಿರಲ್ಲ, ಎತ್ತೋಕೆ.”

ಮೋಡ ಮತ್ತೆ ಮುಚ್ಚಿತು, ಇಳಿದು ಬಂದೆವು.

ಶನಿವಾರ ಬೆಳಿಗ್ಗೆ ಅನು ಬ್ಯಾಗನ್ನು ನಮ್ಮ ಬಾಗಿಲಲ್ಲಿಟ್ಟು ನಿಂತಿದ್ದಳು. ಅಕ್ಕ ಅವಳ ಕೆನ್ನೆ ಸವರಿ, “ನೀನು ಹೋಗಿ ಓದ್ಕೋ. ಏರ್‌ಪೋರ್ಟ್‌ನಿಂದ ಫೋನ್ ಮಾಡ್ತೀನಿ. ಬಾ ಅಂದ್ರೆ ಬಂದ್ಬಿಡು” ಎಂದಳು. ಅನು ನನ್ನ ಕಡೆ ನೋಡಿದಳು. ನಾನು ಭುಜ ಹಾರಿಸಿದೆ, ನನಗೂ ಗೊತ್ತಿರಲಿಲ್ಲ.

ಗಾಳಿ ಜೋರಿದ್ದು ವಿಮಾನ ತಡವಾಯಿತು. ಬೆಂಚುಗಳ ತುಂಬ ಜನ. ಕೌಂಟರಿನ ಹೆಂಗಸು ನಾಚಿಕೆಯಿಂದ ಅಕ್ಕನ ಮುಖ ನೋಡಲಾರದೆ ಬೋರ್ಡಿಂಗ್ ಪಾಸುಗಳನ್ನು ಜೋಡಿಸುತ್ತಿದ್ದಳು. ಅವಳ ಮುಂದೆ ಟೋಪಿ ಹಾಕಿದ ಒಬ್ಬ ಮುದುಕ ನಿಂತಿದ್ದ. ಸೇಂಟ್ ಮಾರ್ಟನ್‌ನಲ್ಲಿ ಕಣ್ಣಿನ ಡಾಕ್ಟರನ್ನು ನೋಡಬೇಕಂತೆ. ವಿಮಾನ ಭರ್ತಿ, ನಾಳೆ ಬಾ ಎಂದು ಆಕೆ ಹೇಳುತ್ತಿದ್ದಳು. ಹೇಳುತ್ತಲೇ ಒಮ್ಮೆ ಅಕ್ಕನ ಕಡೆ ನೋಡಿದಳು. ಮುದುಕನೂ ನೋಡಿದ. ಆಮೇಲೆ ಬೆಂಚಿನವರು, ನಿಲ್ದಾಣದ ಅಗ್ನಿಶಾಮಕ ದಳದ ಇಬ್ಬರು, ಎಲ್ಲರೂ ನೋಡಿದರು.

ಅಕ್ಕ ಫೋನಿನಲ್ಲಿ ಅನುವಿನ ನಂಬರು ತೆಗೆದಳು. ಆಮೇಲೆ ಅದನ್ನು ಪರ್ಸಿಗೆ ಹಾಕಿ, ಸೆರಗಿಲ್ಲದಿದ್ದರೂ ಸೆರಗು ಸರಿಪಡಿಸಿಕೊಳ್ಳುವವಳಂತೆ ಭುಜ ಸವರಿಕೊಂಡು ಕೌಂಟರಿಗೆ ನಡೆದಳು.

“ಮೂರನೇ ಸೀಟು ಇವರಿಗೆ ಕೊಡಿ,” ಎಂದಳು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ. “ನನ್ನ ಮಗಳು ಒಂದು ಸಲ ಫೇಲಾಗಿದಾಳೆ. ಇನ್ನೊಂದು ಸಲ ಬರೀತಾಳೆ.”

ಯಾರೋ “ಆಮೆನ್” ಅಂದರು. ಕೌಂಟರಿನ ಹೆಂಗಸು ಹೊರಗೆ ಬಂದು ಅಕ್ಕನನ್ನು ತಬ್ಬಿಕೊಂಡೇಬಿಟ್ಟಳು. ಮುದುಕ ಟೋಪಿ ತೆಗೆದ. ಅಷ್ಟರಲ್ಲಿ ವಿಮಾನ ಇಳಿದದ್ದೇ ತಡ, ಗಾಳಿ ಮತ್ತೆ ಏಳುವ ಮುಂಚೆ ಹತ್ತಿ ಹತ್ತಿ ಎಂದು ನಮ್ಮನ್ನು ಓಡಿಸಿದರು.

ಬೆಲ್ಟ್ ಕಟ್ಟಿಕೊಂಡು ಅಕ್ಕ ಅನುವಿಗೆ ಫೋನ್ ಮಾಡಲು ಪರ್ಸು ತೆರೆದಳು. ಅವಳು ನಂಬರು ಒತ್ತುವ ಮುಂಚೆಯೇ ಫೋನ್ ಗುಂಯ್ಗುಟ್ಟಿತು. ಅನುವಿನ ಮೆಸೇಜು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅವಳ ಮುರುಕು ಕನ್ನಡ: “ಅಮ್ಮ ಥ್ಯಾಂಕ್ಸ್. ನಾನು ಓದ್ತೀನಿ. ಅಳಬೇಡ.”

“ನಾನಿನ್ನೂ ಅವಳಿಗೆ ಹೇಳೇ ಇಲ್ವಲ್ಲೋ!” ಎಂದಳು ಅಕ್ಕ, ಎರಡೂ ಕೈಯಲ್ಲಿ ಕಣ್ಣೊರೆಸಿಕೊಂಡು ನಗುತ್ತ. ಕೆಳಗೆ ರನ್‌ವೇ ಮುಗಿದು ಸಮುದ್ರ ಶುರುವಾಗಿತ್ತು.