ಮೈಕ್ ತಂಗಿಯ ಕೈಗೆ ಹೋದ ಸಂಜೆ

ಲಾಕ್‌ಡೌನ್ ಮುಗಿದು ಊರು ಮತ್ತೆ ಗದ್ದಲಕ್ಕೆ ಬಿದ್ದಿದ್ದ ವರ್ಷ. ಹಗಲು ನಾನು ಕಲಬುರಗಿ ಪಕ್ಕದ ಕಪನೂರಿನ ಒಂದು ಫ್ಯಾಬ್ರಿಕೇಶನ್ ಶಾಪಿನಲ್ಲಿ ವೆಲ್ಡರ್. ಸಂಜೆ ‘ಎಂಸಿ ಕಿಡಿ’ ಎಂಬ ಹೆಸರಿನ ರ್‍ಯಾಪರ್. ಅಂಡರ್‌ಗ್ರೌಂಡ್ ಹಿಪ್‌ಹಾಪ್ ಎಂದರೆ ಬೆನ್ನಿಗೆ ಕಂಪನಿಯಿಲ್ಲ, ರೇಡಿಯೋದಲ್ಲಿ ಜಾಗವಿಲ್ಲ. ಹಾಡು ನಮ್ಮ ಮೊಬೈಲಿನಿಂದ ನಿಮ್ಮ ಮೊಬೈಲಿಗೆ ಹೋಗುತ್ತದೆ, ಅಷ್ಟೇ. ಗೆಳೆಯ ಇರ್ಫಾನ್ ಕಲಬುರಗಿಯ ತನ್ನ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೀಟ್ ಕಟ್ಟುತ್ತಿದ್ದ. ಸದ್ದು ಹೊರಹೋಗದಂತೆ ಗೋಡೆಗೆ ಹಳೆಯ ಕೌದಿ ಬಡಿದು ಅದನ್ನೇ ಸ್ಟುಡಿಯೋ ಎನ್ನುತ್ತಿದ್ದೆವು. ಅಲ್ಲಿ ಕಿರುಚಾಡಿ, ಬಸ್ಸು ಹಿಡಿದು ಕಮಲಾಪುರದ ಮನೆ ಸೇರುವುದು ನನ್ನ ದಿನಚರಿ.

ಆ ಬೇಸಿಗೆಯಲ್ಲಿ ನಮಗೆ ಮೊದಲ ದೊಡ್ಡ ಅವಕಾಶ ಬಂತು. ಕಲಬುರಗಿಯ ಒಂದು ಕೆಫೆಯ ಮಾಳಿಗೆಯ ಮೇಲೆ ಶೋ. ಬೀದರ, ಹುಬ್ಬಳ್ಳಿಯ ಹುಡುಗರೂ ಬರುವವರಿದ್ದರು. ಹಾಡು ಬಿಡುಗಡೆ ಮಾಡುವ ಬೆಂಗಳೂರಿನ ಮ್ಯೂಸಿಕ್ ಲೇಬಲ್ ಒಂದರ ಪ್ರತಿನಿಧಿ ನೋಡಲು ಬರುತ್ತಾನೆಂಬ ಸುದ್ದಿಯೂ ಇತ್ತು. ಸರಿಯಾಗಿ ಅದೇ ಹೊತ್ತಿಗೆ ನನ್ನ ದನಿ ಒಡೆಯಿತು. ಗಂಟಲಲ್ಲಿ ಮರಳು ಸುರಿದಂತೆ. ಏರುದನಿಯ ಸಾಲಿಗೆ ಹೋದರೆ ಬರೀ ಗಾಳಿ.

ಇಎನ್‌ಟಿ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. “ವೋಕಲ್ ನಾಡ್ಯೂಲ್ ಆಗ್ಯಾವು. ದನಿತಂತಿ ಮ್ಯಾಲ ಜಡ್ಡು ಗಟ್ಟ್ಯದ. ಮಷೀನಿನ ಸಪ್ಪಳದಾಗ ಒದರತೀರಿ, ಆಮ್ಯಾಲ ಮೈಕ್ ಹಿಡದು ಒದರತೀರಿ. ಒಂದು ತಿಂಗಳು ಬಾಯಿ ಬಂದ್. ಪಿಸುಮಾತೂ ಬ್ಯಾಡ, ಅದು ಇನ್ನೂ ಕೆಟ್ಟದು.”

ಶೋ ಆ ತಿಂಗಳೊಳಗೇ ಇತ್ತು.

ಮಾತಿಲ್ಲದ ಮನುಷ್ಯನಿಗೆ ಮೈಯೆಲ್ಲ ಬಾಯಿ. ನನ್ನ ಕಾಲು ಅಲುಗುತ್ತಲೇ ಇತ್ತು, ಬೆರಳು ತಾಟಿನ ಅಂಚಿಗೆ ತಾಳ ಹಾಕುತ್ತಿತ್ತು. ಅವ್ವ ಬೈದಳು. ಬಾಳೆತೋಟದ ದಾರಿಯಲ್ಲಿ ಹೋಗಿ ಬಂದೆ, ಮತ್ತೆ ಹೋದೆ. ತಲೆಯಲ್ಲಿ ಸಾಲುಗಳು ಹುಟ್ಟುತ್ತಿದ್ದವು. ಹಾಡಿ ನೋಡದೆ ಅವು ತಾಳಕ್ಕೆ ಕೂಡುತ್ತವೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕೊನೆಗೆ ತಂಗಿ ಭಾಗ್ಯಳಿಗೆ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದೆ: ‘ಇದನ್ನ ಬೀಟಿಗೆ ಓದು.’

ಭಾಗ್ಯ ಕಲಬುರಗಿಯ ಟೇಲರ್ ಅಂಗಡಿಯಲ್ಲಿ ಹೊಲಿಯುತ್ತಿದ್ದಳು. ‘ಬಿಸಲಾಗ ಹುಟ್ಟೀನಿ, ಬೆಂಕಿ ಜೋಡಿ ಬೆಳದೀನಿ’ ಎಂಬ ನನ್ನ ಸಾಲು ಓದಿ ನಕ್ಕುಬಿಟ್ಟಳು. “ಅಣ್ಣಾ, ಬಿಸಲಿಗೆ ತಲಿನೋವು ಅಂತ ನಿನ್ನೆನೇ ಮಲಗಿದ್ದೆಲ್ಲೋ!” ನಕ್ಕರೂ ತಾಳ ತಪ್ಪಲಿಲ್ಲ. ದಿನಾ ಸಂಜೆ ಓದಿದಳು. ಎಲ್ಲಿ ಉಸಿರು ಎಳೆಯಬೇಕೆಂದು ನಾನು ಕೈಸನ್ನೆಯಲ್ಲೇ ತೋರಿಸುತ್ತಿದ್ದೆ.

ಶೋ ಹತ್ತಿರವಾದಾಗ, ನಾನು ಕಳಿಸಿದ್ದ ಅವಳ ರೆಕಾರ್ಡಿಂಗ್ ಕೇಳಿದ್ದ ಇರ್ಫಾನ್ ಅಂದ: “ಭಾಯ್, ಹೆಸರು ಕೊಟ್ಟೀವಿ. ನಿನ್ನ ಬದಲಿ ಭಾಗ್ಯ ಹಾಡಲಿ.” ನನಗೆ ಬೇಡವೆನಿಸಿತು. ಬೇಡ ಎನ್ನಲು ದನಿ ಇರಲಿಲ್ಲ. ತಲೆಯಾಡಿಸಿದ್ದು ಅವನಿಗೆ ಹೂಂ ಎಂದು ಕಂಡಿತೋ, ಹಾಗೆ ಕಂಡಂತೆ ನಟಿಸಿದನೋ.

ಬಿಸಿಲು ಇಳಿಯುವ ಹೊತ್ತಿಗೆ ಮಾಳಿಗೆ ತುಂಬಿತ್ತು. ಭಾಗ್ಯ ಮೈಕ್ ಹಿಡಿದು ನನ್ನ ಸಾಲು ಶುರುಮಾಡಿದಳು. ಮಾತು ನನ್ನದು, ಬಾಯಿ ಅವಳದು, ಎರಡೂ ಕೂಡಲಿಲ್ಲ. ಹಿಂದೆ ನಿಂತಿದ್ದವರು ಮೊಬೈಲ್ ನೋಡತೊಡಗಿದರು. ಯಾರೋ “ಬೆಂಕಿ ಆರಿತು!” ಎಂದು ಕೂಗಿದ. ಅವಳು ಹಾಡು ನಿಲ್ಲಿಸಿಬಿಟ್ಟಳು. ಬೀಟ್ ಮಾತ್ರ ಓಡುತ್ತಿತ್ತು. ಸ್ಪೀಕರಿನ ಪಕ್ಕದಲ್ಲಿದ್ದ ನನ್ನ ಬಾಯಿ ತೆರೆದೇ ಹೋಗಿತ್ತು. ಒಂದೇ ಒಂದು ಸಾಲು ಕೂಗಿದರೂ ಶೋ ಉಳಿಯುತ್ತದೆ ಅನಿಸಿತು. ಅಷ್ಟರಲ್ಲಿ ಅವಳು ನನ್ನ ಕಡೆ ನೋಡದೆ, ನಾನು ಎಂದೂ ಕೇಳದ ಸಾಲು ಎತ್ತಿಕೊಂಡಳು:

“ಬಸ್ಸಿನ್ಯಾಗ ನಿಂತೀನಿ, ಬಾಗಲಾ ಹಿಡದೀನಿ,
ಸರಿ ಸರಿ ಅಂತೀರಿ, ಎಷ್ಟಂತ ಸರದೀನಿ?
ಸೂಜಿ ನಂದು ಸಣ್ಣದದ, ಸುಮ್ನ ಬ್ಯಾಡ ಕೆಣಕ,
ನಿನ್ನ ಅಂಗಿ ಹೊಲದಾಕಿ ನಾ, ಕಾಲರಿಂದ ಕೆಳತನಕ!”

ಮುಂದೆ ಕುಳಿತಿದ್ದ ಹುಡುಗಿಯರು ಎದ್ದು ನಿಂತರು. ‘ಎಷ್ಟಂತ ಸರದೀನಿ’ ಎಂಬುದನ್ನು ಎರಡನೇ ಸಲಕ್ಕೆ ಮಾಳಿಗೆಯೆಲ್ಲ ಹಾಡಿತು. ನಾನೂ ಸ್ಪೀಕರಿನ ಮೇಲೆ ತಾಳ ಬಡಿದೆ. ಆ ಸಾಲು ನನ್ನದಲ್ಲವಲ್ಲ ಎಂಬ ಅಸೂಯೆಯೂ ಎದ್ದಿತು.

ಲೇಬಲ್‌ನವನು ನೇರವಾಗಿ ಅವಳ ಬಳಿಗೇ ಹೋಗಿ, “ಬರೆದೋರು ಯಾರು?” ಎಂದು ಕೇಳಿದ.

“ನಾನೇ ರೀ. ದಿನಾ ಬಸ್ಸಿನ್ಯಾಗ ಮನಸಿನ್ಯಾಗ ಅಂದ್ಕೋತಿದ್ದೆ. ಉಸುರು ಹಿಡಿಯೂದು ಅಣ್ಣ ಕಲಿಸ್ಯಾನ.”

ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಕೇಳಿದಳು: “ಸಿಟ್ಟ ಬಂದದೇನು?” ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ. ಕೊನೆಗೆ ಅವಳಿಗೆ ತೋರಿಸಿದ್ದು ಇಷ್ಟು: ‘ಮೂರನೇ ಸಾಲಿನ್ಯಾಗ ಉಸಿರು ತಡಾ ಆತು. ನಾಳೆ ಸರಿ ಮಾಡೋಣ.’ ಅವಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ನನ್ನ ದನಿ ಮರಳಿತು, ಆದರೆ ತಗ್ಗಿ ಮರಳಿತು. ಹಳೆಯ ವೇಗ ಸಿಗಲಿಲ್ಲ. ಭಾಗ್ಯ ಲೇಬಲ್‌ಗೆ ಒಂದು ಹಾಡು ಕೊಟ್ಟಳು. ಮುಂದಿನದನ್ನು ಅವರು ಬೆಂಗಳೂರಿನ ಭಾಷೆಗೆ ತಿದ್ದಲು ಹೇಳಿದಾಗ ಒಪ್ಪದೆ ಕೌದಿಯ ಕೋಣೆಗೇ ವಾಪಸು ಬಂದಳು. ಈಗ ಅವಳು ಮುಂದೆ, ನಾನು ಸಾಲಿನ ಕೊನೆಯ ಪದ ಎತ್ತಿಕೊಡುವ ಬ್ಯಾಕಪ್.

ನಮ್ಮಲ್ಲಿ ಸೈಫರ್ ಎಂಬುದಿದೆ: ಸುತ್ತ ನಿಂತು ಒಬ್ಬರಾದ ಮೇಲೊಬ್ಬರು ಹಾಡುವುದು. ಎಷ್ಟೋ ವರ್ಷ ಆ ಸುತ್ತಿನಲ್ಲಿ ನಿಂತಿದ್ದೆ. ಬೇರೆಯವರು ಹಾಡುವಾಗ ನಾನು ಕೇಳುತ್ತಿದ್ದೇನೆಂದೇ ತಿಳಿದಿದ್ದೆ. ನಿಜಕ್ಕೂ ನನ್ನ ಪಾಳಿ ಕಾಯುತ್ತಿದ್ದೆ. ಎರಡಕ್ಕೂ ವ್ಯತ್ಯಾಸವಿದೆ ಎಂಬುದನ್ನು ಈ ಕಸುಬು ನನಗೆ ಕಲಿಸಿದ್ದು, ನನ್ನ ಬಾಯಿ ಮುಚ್ಚಿಸಿದ ಮೇಲೆ.